ಎಪ್ಟೇಸಿಯಾ ಹತೋಟಿ: ನಿಮ್ಮ ಹವಳದ ತೊಟ್ಟಿಗೆ ಯಾವ ದಾರಿ ಸರಿ?

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ ಬೇಡದ ಜೀವಿಗಳು ಹಲವು ಬಗೆಯಲ್ಲಿ ಬಂದು ಸೇರುತ್ತವೆ. ಅವುಗಳಲ್ಲಿ ಹೆಚ್ಚು ಜನರನ್ನು, ಹೆಚ್ಚು ಕಾಲ ಕಾಡುವುದು ಎಪ್ಟೇಸಿಯಾ ಎಂಬ ಸಣ್ಣ ಕಂದು ಅನಿಮೋನ್, ಅಂದರೆ ಹೂವಿನಂತೆ ಅರಳುವ ಕಡಲ ಪ್ರಾಣಿ. ಅದನ್ನು ಸಿರಿಂಜಿನಿಂದ ಕೊಲ್ಲಬೇಕೇ, ಸಿಗಡಿ ತಂದು ಬಿಡಬೇಕೇ, ಬರ್ಗಿಯಾ ಎಂಬ ಕಡಲ ಬಸವನಹುಳುವನ್ನು ಸಾಕಬೇಕೇ, ಮೀನನ್ನು ನೆಚ್ಚಬೇಕೇ ಎಂಬ ಗೊಂದಲದಲ್ಲಿರುವವರಿಗಾಗಿ ಈ ಬರಹ. ಈ ದಾರಿಗಳಲ್ಲಿ ಪ್ರತಿಯೊಂದೂ ಕೆಲವು ತೊಟ್ಟಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವೆಡೆ ಹಣವನ್ನೂ ಜೀವಗಳನ್ನೂ ವ್ಯರ್ಥ ಮಾಡುತ್ತದೆ. ವ್ಯತ್ಯಾಸ ಇರುವುದು ವಿಧಾನದ ಬಲದಲ್ಲಿ ಅಷ್ಟಾಗಿ ಅಲ್ಲ, ತೊಟ್ಟಿಯ ಸ್ಥಿತಿಯಲ್ಲಿ. ಆದ್ದರಿಂದ ಮದ್ದಿನ ಮಾತಿಗೆ ಮೊದಲು ತೊಟ್ಟಿಯನ್ನು ಓದುವ ಬಗೆಯನ್ನು ಹೇಳುತ್ತೇನೆ.

ಮೊದಲು ಈ ಜೀವಿಯ ಸ್ವಭಾವ ತಿಳಿಯಬೇಕು. ಎಪ್ಟೇಸಿಯಾದ ಮೈ ಅರೆಪಾರದರ್ಶಕವಾದ ಕಂದು ಬಣ್ಣದ ಕಾಂಡದಂತಿದ್ದು, ತುದಿಯಲ್ಲಿ ಉದ್ದನೆಯ, ಮೊನಚಾಗುತ್ತ ಹೋಗುವ ಎಳೆಗಳು ಹರಡಿಕೊಂಡಿರುತ್ತವೆ. ಅದರ ಅಂಗಾಂಶದೊಳಗೆ ಹವಳಗಳಲ್ಲಿ ಇರುವಂತಹದೇ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕಿದ್ದರೆ ಪಾಚಿಯಿಂದ ಶಕ್ತಿ ಪಡೆಯುತ್ತದೆ, ಬೆಳಕಿಲ್ಲದ ಸಂಪಿನಲ್ಲಿಯೂ (ನೀರು ಶೋಧಿಸುವ ಕೆಳಗಿನ ತೊಟ್ಟಿಯಲ್ಲಿಯೂ) ತೇಲಿಬಂದ ಆಹಾರವನ್ನು ಹಿಡಿದು ಬದುಕುತ್ತದೆ. ಕುಟುಕು ಕೋಶಗಳಿಂದ ಪಕ್ಕದ ಹವಳವನ್ನು ಸುಟ್ಟು ಹಿಂದೆ ಸರಿಸಿ ಜಾಗ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಬುಡದಿಂದ ಹರಿದು ಬಂಡೆಯ ಮೇಲೆ ಉಳಿದ ಅಂಗಾಂಶದ ಚೂರು ಮತ್ತೊಂದು ಪೂರ್ಣ ಅನಿಮೋನ್ ಆಗಿ ಬೆಳೆಯಬಲ್ಲದು. ಚಿಮುಟದಿಂದ ಕಿತ್ತರೆ, ಬ್ಲೇಡಿನಿಂದ ಕೆರೆದರೆ ಒಂದಿದ್ದ ಕಡೆ ಕೆಲವು ವಾರಗಳಲ್ಲಿ ಹಲವು ಕಾಣಿಸಿಕೊಳ್ಳುವುದು ಇದರಿಂದಲೇ. ಹೀಗಾಗಿ ಯಾವ ವಿಧಾನವನ್ನು ಅಳೆಯುವಾಗಲೂ ಕೇಳಬೇಕಾದ ಮೊದಲ ಪ್ರಶ್ನೆ, ಅದು ಅನಿಮೋನನ್ನು ಬುಡಸಹಿತ ಮುಗಿಸುತ್ತದೆಯೇ ಎಂಬುದು.

ಆಯ್ಕೆಗೆ ಮುನ್ನ ನೋಡಬೇಕಾದವು

ದೀಪ ಆರಿದ ಒಂದು ಗಂಟೆಯ ನಂತರ ಟಾರ್ಚ್ ಹಿಡಿದು ತೊಟ್ಟಿಯ ಮುಂದೆ ಕುಳಿತು ಎಣಿಸಿ. ಸಂಖ್ಯೆ ನಿಖರವಾಗಿರಬೇಕಿಲ್ಲ. ಕೈಬೆರಳಲ್ಲಿ ಎಣಿಸುವಷ್ಟಿವೆಯೇ, ಹತ್ತಾರಿವೆಯೇ, ಎಣಿಕೆಗೆ ಸಿಗದಷ್ಟಿವೆಯೇ ಎಂಬ ಅಂದಾಜು ಸಾಕು. ಎರಡನೆಯದಾಗಿ, ಅವು ಕೈಗೂ ಸೂಜಿಗೂ ಎಟುಕುವ ಜಾಗದಲ್ಲಿವೆಯೇ, ಬಂಡೆಯ ಹಿಂಬದಿಯ ಸಂದು, ಮೇಲಿನ ನೀರು ಹರಿದು ಇಳಿಯುವ ಓವರ್‌ಫ್ಲೋ ಪೆಟ್ಟಿಗೆ, ಪೈಪಿನ ಒಳಗೆ ಸೇರಿವೆಯೇ ಎಂದು ನೋಡಿ. ಮೂರನೆಯದು ಸಹವಾಸಿಗಳ ಪಟ್ಟಿ: ರಾಸ್ ಜಾತಿಯ ಮೀನು, ಬೇರೆ ಸಿಗಡಿಗಳು, ಏಡಿ, ಜೊವಾಂಥಿಡ್‌ಗಳು (ಗುಂಪಾಗಿ ಬೆಳೆಯುವ, ಹವಳದ ಹತ್ತಿರದ ಬಂಧುಗಳು), ದೈತ್ಯ ಕಪ್ಪೆಚಿಪ್ಪು, ಕೊಳವೆ ಹುಳುಗಳು ಇವೆಯೇ? ಈ ಪಟ್ಟಿಯೇ ಅರ್ಧದಷ್ಟು ಆಯ್ಕೆಗಳನ್ನು ತಾನಾಗಿ ತಳ್ಳಿಹಾಕುತ್ತದೆ. ನಾಲ್ಕನೆಯದು ತೊಟ್ಟಿಯ ಗಾತ್ರ. ಮದ್ದಿನ ಪ್ರಭಾವವನ್ನು ನೀರು ತಾಳಿಕೊಳ್ಳಬೇಕು, ತಂದ ಮೀನಿಗೆ ಬದುಕಲು ಜಾಗವಿರಬೇಕು. ಹಣ ಮತ್ತು ತಾಳ್ಮೆಯನ್ನು ಒಟ್ಟಿಗೆ ಲೆಕ್ಕ ಹಾಕಬೇಕು, ಏಕೆಂದರೆ ಇಲ್ಲಿ ಅಗ್ಗದ ದಾರಿಗಳು ನಿಮ್ಮ ಸಂಜೆಗಳನ್ನು ಕೇಳುತ್ತವೆ, ದುಬಾರಿ ದಾರಿಗಳು ತಿಂಗಳುಗಟ್ಟಲೆ ಕಾಯಲು ಹೇಳುತ್ತವೆ.

ಇನ್ನೊಂದು ಮಾನದಂಡವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ: ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುತ್ತದೆಯೇ? ಸಿರಿಂಜನ್ನು ಇಂದೇ ನಿಲ್ಲಿಸಬಹುದು. ಬಂಡೆಗಳ ನಡುವೆ ಓಡುವ ಮೀನನ್ನು ಮರಳಿ ಹಿಡಿಯಲು ಬಂಡೆಗಳ ಜೋಡಣೆಯನ್ನೇ ಬಿಚ್ಚಬೇಕಾಗಬಹುದು.

ಸಿರಿಂಜ್ ಮತ್ತು ಸುಣ್ಣದ ಗಂಜಿ

ಸಂಖ್ಯೆ ಕಡಿಮೆಯಿದ್ದು ಕೈಗೆಟುಕುವಂತಿದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ. ಎಪ್ಟೇಸಿಯಾ-ಎಕ್ಸ್‌ನಂತಹ ಸಿದ್ಧ ದ್ರಾವಣವನ್ನು ಕೊಳ್ಳಬಹುದು. ಇಲ್ಲವೇ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣದ ಪುಡಿಯನ್ನು, ಸ್ವಲ್ಪ ಶುದ್ಧ ನೀರಿನಲ್ಲಿ ಕಲಸಿ ಸೂಜಿಯಿಂದ ಹೊರಬರುವಷ್ಟು ಗಟ್ಟಿಯ ಗಂಜಿ ಮಾಡಿಕೊಳ್ಳಬಹುದು. ಹವಳಕ್ಕೆ ಕ್ಯಾಲ್ಸಿಯಂ ಒದಗಿಸಲು ಬಳಸುವ ಪುಡಿ ಇದೇ ಆದ್ದರಿಂದ ಅನೇಕರ ಬಳಿ ಈಗಾಗಲೇ ಇರುತ್ತದೆ. ಸುಣ್ಣದ ಸಂತೃಪ್ತ ದ್ರಾವಣದ ಪಿಎಚ್ ಸುಮಾರು 12.4, ಆ ಕ್ಷಾರಕ್ಕೆ ಅನಿಮೋನಿನ ಅಂಗಾಂಶ ಕರಗುತ್ತದೆ. ಅದೇ ಕ್ಷಾರ ನಿಮ್ಮ ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿಯಾದ್ದರಿಂದ ಕೈಗವಸು ಮತ್ತು ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಇಲ್ಲಿ ಫಲ ನಿಂತಿರುವುದು ಕೈಚಳಕದ ಮೇಲೆ. ಪಂಪುಗಳನ್ನೆಲ್ಲ ನಿಲ್ಲಿಸಿ ನೀರು ಅಲುಗದೆ ನಿಂತ ಮೇಲೆ ಅನಿಮೋನಿಗೆ ಚೂರು ಆಹಾರ ಕೊಟ್ಟು ಅದು ಪೂರ್ತಿ ಅರಳಿಕೊಳ್ಳುವಂತೆ ಮಾಡಬೇಕು. ಬಳಿಕ ಎಳೆಗಳನ್ನು ತಾಗಿಸದೆ ನಿಧಾನವಾಗಿ ನಡುವಿನ ಬಾಯಿಯ ಮೇಲೆ ದ್ರಾವಣ ಇಳಿಯಬಿಡಬೇಕು. ಸೂಜಿ ತಾಗಿದರೆ ಕ್ಷಣಮಾತ್ರದಲ್ಲಿ ಅದು ಸಂದಿನೊಳಕ್ಕೆ ಸೇದಿಕೊಳ್ಳುತ್ತದೆ, ಆ ದಿನ ಮತ್ತೆ ಅರಳುವುದು ಅನುಮಾನ. ಸರಿಯಾಗಿ ನುಂಗಿದ ಅನಿಮೋನಿನ ಮೇಲೂ ಅದು ಕೂತಿದ್ದ ಸಂದಿನ ಬಾಯಿಗೂ ಇನ್ನಷ್ಟು ಗಂಜಿ ಹೊದಿಸಿ ಹದಿನೈದು ನಿಮಿಷವಾದರೂ ಪಂಪು ಹಾಕದೆ ಬಿಟ್ಟರೆ ಬುಡವೂ ಸಾಯುವ ಸಾಧ್ಯತೆ ಹೆಚ್ಚು. ಬಳಿಕ ಉಳಿದ ಬಿಳಿಯ ಗಂಜಿಯನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯಿರಿ. ಪಕ್ಕದ ಹವಳದ ಮೇಲೆ ಬಿದ್ದರೆ ಅದನ್ನೂ ಸುಡುತ್ತದೆ.

ಒಂದೇ ದಿನ ಎಲ್ಲವನ್ನೂ ಮುಗಿಸುವ ಆತುರ ಬೇಡ. ಸಣ್ಣ ತೊಟ್ಟಿಯಲ್ಲಿ ಸುಣ್ಣ ಹೆಚ್ಚಾದರೆ ಪಿಎಚ್ ಮತ್ತು ಆಲ್ಕಲಿನಿಟಿ ಏರುತ್ತವೆ, ಅದರಿಂದ ಹವಳಕ್ಕೆ ಆಗುವ ಪೆಟ್ಟು ಎಪ್ಟೇಸಿಯಾ ಮಾಡುವ ಹಾನಿಗಿಂತ ದೊಡ್ಡದಾಗಬಹುದು. ಬಾರಿಗೆ ನಾಲ್ಕೈದನ್ನು ಮಾತ್ರ ಗುರಿಯಾಗಿಸಿ, ಕೆಲವು ದಿನ ಬಿಟ್ಟು ಅದೇ ಜಾಗಗಳನ್ನು ಮತ್ತೆ ನೋಡುವುದು ಕ್ಷೇಮ. ನಿಂಬೆರಸ, ವಿನೆಗರ್, ಕುದಿನೀರು ಇವನ್ನೂ ಜನ ಬಳಸುತ್ತಾರೆ. ಅವು ಸೂಜಿಯ ಮೂಲಕ ಅನಿಮೋನಿನ ಮೈಯೊಳಗೇ ಸೇರಿದರೆ ಮಾತ್ರ ಪ್ರಯೋಜನ; ಹೊರಗೆ ಚೆಲ್ಲಿದರೆ ನೀರಿನಲ್ಲಿ ತೆಳುವಾಗಿಹೋಗುತ್ತವೆ. ಬಂಡೆಗೆ ಅಂಟಿ ನಿಲ್ಲುವ ಗಂಜಿಯೇ ಇವೆಲ್ಲಕ್ಕಿಂತ ಮೇಲು ಎಂದು ನನ್ನ ಅಭಿಪ್ರಾಯ.

ಅತಿ ಕಡಿಮೆ ಖರ್ಚು, ಅಂದೇ ಕಾಣುವ ಫಲ, ಯಾವಾಗ ಬೇಕಾದರೂ ನಿಲ್ಲಿಸುವ ಸ್ವಾತಂತ್ರ್ಯ ಈ ದಾರಿಯ ಅನುಕೂಲಗಳು. ಕಣ್ಣಿಗೆ ಕಾಣದ್ದನ್ನು ಇದು ಮುಟ್ಟಲಾರದು. ಬಂಡೆಯ ಹಿಂದೆ ಹತ್ತಾರು ಇದ್ದಾಗ ಮುಂದಿನವನ್ನಷ್ಟೇ ಕೊಲ್ಲುತ್ತಿದ್ದರೆ ಕೆಲಸ ಎಂದಿಗೂ ಮುಗಿಯುವುದಿಲ್ಲ.

ಬಂಡೆಯನ್ನೇ ಹೊರತೆಗೆಯುವುದು

ಅನಿಮೋನ್‌ಗಳೆಲ್ಲ ಒಂದೇ ಬಿಡಿ ಬಂಡೆಯ ಮೇಲೋ ಒಂದು ಹವಳದ ಪ್ಲಗ್ಗಿನ (ಹವಳದ ತುಂಡನ್ನು ಅಂಟಿಸುವ ಪುಟ್ಟ ಬಿಲ್ಲೆಯ) ಮೇಲೋ ಇದ್ದರೆ ಇದರಷ್ಟು ನೇರವಾದ ಉಪಾಯ ಬೇರೊಂದಿಲ್ಲ. ಪ್ಲಗ್ಗಾದರೆ ಹವಳವನ್ನು ಕತ್ತರಿಸಿ ಹೊಸ ಪ್ಲಗ್ಗಿಗೆ ಅಂಟಿಸಿ, ಹಳೆಯದನ್ನು ಎಸೆಯಬಹುದು. ಬಂಡೆಯಾದರೆ ಹೊರಗೆ ಪೂರ್ತಿ ಒಣಗಿಸಿ, ಬಳಿಕ ಹೊಸ ಬಂಡೆಯನ್ನು ಹದಗೊಳಿಸುವಂತೆ ಹದಗೊಳಿಸಿ ಮರಳಿ ಇಡಬಹುದು.

ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಬಂಡೆಯನ್ನು ಕುದಿಸಬೇಡಿ. ಜೊವಾಂಥಿಡ್, ಅದರಲ್ಲಿಯೂ ಪ್ಯಾಲಿಥೋವಾ ಇರುವ ಬಂಡೆಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರಬಹುದು. ಕುದಿಸಿದಾಗ ಏಳುವ ಹಬೆ, ಒಣಗಿದ ಬಂಡೆಯನ್ನು ಉಜ್ಜಿದಾಗ ಏಳುವ ಧೂಳು, ಬಿಸಿನೀರಿನ ಧಾರೆಯಿಂದ ಚಿಮ್ಮುವ ತುಂತುರು ಇವುಗಳ ಮೂಲಕ ಅದು ಉಸಿರಿಗೂ ಕಣ್ಣಿಗೂ ಸೇರುತ್ತದೆ. ಹೀಗೆ ಮಾಡಿದ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಅಂತಹ ಬಂಡೆಯ ಮೇಲಿನ ಎಪ್ಟೇಸಿಯಾಗೆ ಬೇರೆ ದಾರಿ ಹುಡುಕುವುದೇ ಲೇಸು.

ವಿದ್ಯುತ್ ಹರಿಸಿ ಸುಡುವ ಕಡ್ಡಿಗಳೂ ಇವೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿದಾಗ ಕ್ಲೋರಿನ್ ಉಂಟಾಗುವುದರಿಂದ ಸಣ್ಣ ತೊಟ್ಟಿಯಲ್ಲಿ ಅದರ ಬಳಕೆ ಮಿತವಾಗಿರಬೇಕು, ಕೋಣೆಯಲ್ಲಿ ಗಾಳಿಯಾಡಬೇಕು. ಲೇಸರ್ ಬಳಸುವವರೂ ಇದ್ದಾರೆ. ಗಾಜಿಗೆ ಬಡಿದು ಮರಳುವ ಶಕ್ತಿಯುತ ಲೇಸರ್ ಕಿರಣ ಕೋಣೆಯಲ್ಲಿರುವ ಯಾರ ದೃಷ್ಟಿಯನ್ನಾದರೂ ಶಾಶ್ವತವಾಗಿ ಕಸಿಯಬಲ್ಲದು. ಮನೆಯ ತೊಟ್ಟಿಗೆ ಅದನ್ನು ನಾನು ಸೂಚಿಸಲಾರೆ. ತಾಮ್ರದ ಔಷಧಿಗಳ ಮಾತಂತೂ ಬೇಡವೇ ಬೇಡ, ಅವು ಸಿಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲುತ್ತವೆ.

ಪೆಪ್ಪರ್‌ಮಿಂಟ್ ಸಿಗಡಿ

ಸಾಧಾರಣ ಬೆಲೆ, ಸುಲಭ ಪಾಲನೆ, ಸಣ್ಣ ತೊಟ್ಟಿಯಲ್ಲಿಯೂ ಹಿಡಿಸುವ ಗಾತ್ರ: ಮಧ್ಯಮ ಬಜೆಟ್ಟಿನವರು ಮೊದಲು ಇದರತ್ತ ನೋಡುವುದು ಸಹಜ. ರಾತ್ರಿ ಓಡಾಡಿ ಸಣ್ಣ ಎಪ್ಟೇಸಿಯಾಗಳನ್ನು ತಿನ್ನುತ್ತದೆ, ಸಂದುಗೊಂದಿಗಳನ್ನೂ ಬಿಡುವುದಿಲ್ಲ. ದೊಡ್ಡದಾಗಿ ಬೆಳೆದವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೊಟ್ಟಿಯಲ್ಲಿ ಬೇರೆ ಆಹಾರ ಧಾರಾಳವಾಗಿದ್ದರೆ ಅನಿಮೋನಿನ ಗೊಡವೆಗೇ ಹೋಗದಿರಬಹುದು, ಹವಳಕ್ಕೆ ಕೊಟ್ಟ ಆಹಾರವನ್ನು ಅದರ ಬಾಯಿಂದಲೇ ಕಿತ್ತು ತಿನ್ನುವ ಚಾಳಿಯೂ ಇದೆ.

ಈ ಹೆಸರಿನಲ್ಲಿ ಮಾರಾಟವಾಗುವುದು ಒಂದೇ ಪ್ರಭೇದವಲ್ಲ. ಬಹುಕಾಲ ಲಿಸ್ಮಾಟಾ ವುರ್ಡೆಮನಿ ಎಂದೇ ಕರೆಯುತ್ತಿದ್ದ ಗುಂಪಿನಿಂದ 2006ರಲ್ಲಿ ಲಿಸ್ಮಾಟಾ ಬಾಗೆಸಿ ಮುಂತಾದವನ್ನು ಬೇರ್ಪಡಿಸಿ ವಿವರಿಸಲಾಯಿತು. ಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದದ್ದು, ನೋಡಲು ಹತ್ತಿರವೆನಿಸುವ ಒಂಟೆ ಸಿಗಡಿಯನ್ನು, ಅಂದರೆ ರಿಂಕೊಸಿನೆಟಿಸ್ ಡರ್ಬನೆನ್ಸಿಸನ್ನು, ತಪ್ಪಿ ತಾರದಿರುವುದು. ಅದು ಹವಳದ ಮತ್ತು ಜೊವಾಂಥಿಡ್‌ಗಳ ಪಾಲಿಪ್ಪುಗಳನ್ನು, ಅಂದರೆ ಗುಂಪಿನ ಒಂದೊಂದು ಪುಟ್ಟ ಜೀವಿಯನ್ನು, ತಿನ್ನುತ್ತದೆ. ಬೆನ್ನಿನ ಎದ್ದುಕಾಣುವ ಡುಬ್ಬ, ಕೆಂಪಿನ ನಡುವೆ ಸ್ಪಷ್ಟವಾದ ಬಿಳಿ ಪಟ್ಟೆಗಳು, ದೊಡ್ಡ ಕಣ್ಣುಗಳು ಒಂಟೆ ಸಿಗಡಿಯ ಗುರುತು. ಪೆಪ್ಪರ್‌ಮಿಂಟ್ ಸಿಗಡಿಯ ಮೈ ಅರೆಪಾರದರ್ಶಕವಾಗಿದ್ದು ಅದರ ಮೇಲೆ ಕೆಂಪು ಗೆರೆಗಳಷ್ಟೇ ಇರುತ್ತವೆ.

ಸಣ್ಣವು ಹತ್ತಿಪ್ಪತ್ತು ಇದ್ದು, ದೊಡ್ಡವನ್ನು ನೀವೇ ಸಿರಿಂಜಿನಿಂದ ಮುಗಿಸಲು ಸಿದ್ಧರಿದ್ದರೆ ಈ ಜೋಡಿ ಒಳ್ಳೆಯದು. ಸಿಗಡಿ ತಿಂದೇ ತಿನ್ನುತ್ತದೆ ಎಂಬ ಭರವಸೆಯನ್ನು ಮಾತ್ರ ಯಾರೂ ಕೊಡಲಾರರು.

ಬರ್ಗಿಯಾ

ಬರ್ಗಿಯಾ ಸ್ಟೆಫನೀಯೆ ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳು. 2005ರಲ್ಲಿ ಬೇರೊಂದು ಕುಲದ ಹೆಸರಿನಡಿ ವಿವರಿಸಲ್ಪಟ್ಟು ಬಳಿಕ ಈ ಕುಲಕ್ಕೆ ಸೇರಿತು. ಇದರ ಆಹಾರ ಎಪ್ಟೇಸಿಯಾ ಒಂದೇ. ಹವಳವನ್ನಾಗಲಿ ಕಪ್ಪೆಚಿಪ್ಪನ್ನಾಗಲಿ ಮುಟ್ಟದೆ, ಸೂಜಿ ಹೋಗದ ಸಂದಿಗೂ ನುಸುಳಿ, ಅನಿಮೋನಿನ ಕುಟುಕು ಕೋಶಗಳನ್ನು ತನ್ನ ಬೆನ್ನಿನ ಕುಚ್ಚುಗಳಲ್ಲಿ ಶೇಖರಿಸಿ ತನ್ನದೇ ರಕ್ಷಣೆಗೆ ಬಳಸಿಕೊಳ್ಳುವ ಈ ಜೀವಿಯನ್ನು ಕಂಡರೆ ನನಗೆ ಬಹಳ ಮೆಚ್ಚುಗೆ. ಎಣಿಕೆಗೆ ಸಿಗದಷ್ಟು ಎಪ್ಟೇಸಿಯಾ ಹರಡಿರುವ, ಬಂಡೆ ಬಿಚ್ಚಲಾಗದ ತೊಟ್ಟಿಗೆ ಇದಕ್ಕಿಂತ ಪೂರ್ಣವಾದ ಪರಿಹಾರ ನನಗೆ ಗೊತ್ತಿಲ್ಲ.

ಅದರ ಷರತ್ತುಗಳನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಆರು ಗೆರೆಯ ರಾಸ್, ಮೆಲನುರಸ್ ರಾಸ್‌ನಂತಹ ಮೀನುಗಳು ಇದನ್ನು ಹುಡುಕಿ ತಿನ್ನುತ್ತವೆ. ಪೆಪ್ಪರ್‌ಮಿಂಟ್ ಸಿಗಡಿಯೂ ತಿನ್ನುತ್ತದೆ. ಸಿಗಡಿ ಫಲ ಕೊಡಲಿಲ್ಲವೆಂದು ಅದನ್ನು ಹಾಗೆಯೇ ಬಿಟ್ಟು ಬರ್ಗಿಯಾ ತಂದರೆ, ದುಬಾರಿ ಬೆಲೆ ಕೊಟ್ಟು ಸಿಗಡಿಗೆ ಊಟ ಹಾಕಿದಂತಾಗುತ್ತದೆ. ಪಂಪಿನ ಬಾಯಿಗೆ ಸಿಕ್ಕಿ ಸಾಯದಂತೆ ಸ್ಪಂಜು ಕಟ್ಟಬೇಕು. ರಾತ್ರಿ, ಪಂಪುಗಳನ್ನು ನಿಲ್ಲಿಸಿ, ಎಪ್ಟೇಸಿಯಾ ಗುಂಪಿನ ಹತ್ತಿರವೇ ಕೊಳವೆಯಿಂದ ಮೆಲ್ಲನೆ ಇಳಿಬಿಡಬೇಕು.

ಪ್ರತಿಯೊಂದು ಬರ್ಗಿಯಾದಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ, ಆದರೂ ಮೊಟ್ಟೆಯಿಡಲು ಜೊತೆ ಬೇಕು. ಒಂದೆರಡನ್ನು ತಂದು ದೊಡ್ಡ ತೊಟ್ಟಿಯಲ್ಲಿ ಬಿಟ್ಟರೆ ಅವು ಒಂದನ್ನೊಂದು ಕಾಣದೆಯೇ ಮುಗಿಯಬಹುದು. ಕೊಳ್ಳುವುದಾದರೆ ಗುಂಪಾಗಿ ಕೊಳ್ಳಿ. ಸುರುಳಿಯಾಕಾರದ ಬಿಳಿ ಮೊಟ್ಟೆಸರ ಕಂಡರೆ ಕೆಲಸ ದಾರಿಗೆ ಬಂದಿದೆ ಎಂದರ್ಥ. ನಿಜವಾದ ಕೆಲಸ ಮಾಡುವುದು ತಂದ ಹುಳುಗಳಿಗಿಂತ ಅಲ್ಲಿಯೇ ಹುಟ್ಟಿದ ಮುಂದಿನ ಪೀಳಿಗೆಗಳು. ಆದ್ದರಿಂದ ಮೊದಲ ಕೆಲವು ವಾರ ಏನೂ ಬದಲಾಗಿಲ್ಲವೆಂದು ತೋರುತ್ತದೆ, ತೊಟ್ಟಿ ಪೂರ್ತಿ ತೆರವಾಗಲು ತಿಂಗಳುಗಳೇ ಬೇಕಾಗುತ್ತವೆ. ಈ ನಡುವೆ ಬೇಸತ್ತು ಸಿರಿಂಜ್ ಹಿಡಿದರೆ ಅವುಗಳ ಆಹಾರವನ್ನೇ ಕಸಿದಂತೆ. ಎಪ್ಟೇಸಿಯಾ ಮುಗಿದ ಮೇಲೆ ಅವು ಹಸಿವಿನಿಂದ ಸಾಯುತ್ತವೆ. ಮುಗಿಯುವ ಮುನ್ನವೇ ಹಿಡಿದು, ಅಗತ್ಯವಿರುವ ಮತ್ತೊಬ್ಬ ಹವ್ಯಾಸಿಯ ತೊಟ್ಟಿಗೆ ದಾಟಿಸುವುದು ಒಳ್ಳೆಯ ಪದ್ಧತಿ.

ಮೀನುಗಳು

ಎಪ್ಟೇಸಿಯಾ ತಿನ್ನುವ ಫೈಲ್‌ಫಿಶ್, ಅಂದರೆ ಅಕ್ರಿಕ್ಥಿಸ್ ಟೊಮೆಂಟೋಸಸ್, ಹತ್ತು ಸೆಂಟಿಮೀಟರ್ ಆಸುಪಾಸಿಗೆ ಬೆಳೆಯುವ ಶಾಂತ ಮೀನು. ಸಾಕಣೆಯಲ್ಲಿಯೇ ಹುಟ್ಟಿದ ಮರಿಗಳು ಸಿಕ್ಕರೆ ಅವನ್ನೇ ಆರಿಸಿ. ಸಿದ್ಧ ಆಹಾರವನ್ನು ಬೇಗ ಒಪ್ಪಿಕೊಳ್ಳುತ್ತವೆ. ರಾಸ್‌ಗಳಿರುವುದರಿಂದ ಬರ್ಗಿಯಾ ಬಿಡಲಾಗದ ಮಧ್ಯಮ ಗಾತ್ರದ ತೊಟ್ಟಿಗೆ ಇದು ಒಳ್ಳೆಯ ಬದಲಿ. ಕೆಲವು ಮೀನುಗಳು ಜೊವಾಂಥಿಡ್‌ಗಳನ್ನೂ ದಪ್ಪ ಪಾಲಿಪ್ಪಿನ ಹವಳಗಳನ್ನೂ ಕಚ್ಚುತ್ತವೆ, ಅದರಲ್ಲಿಯೂ ಎಪ್ಟೇಸಿಯಾ ಮುಗಿದ ನಂತರ. ಅಂತಹ ಹವಳಗಳೇ ನಿಮ್ಮ ತೊಟ್ಟಿಯ ಜೀವಾಳವಾಗಿದ್ದರೆ ಯೋಚಿಸಿ ಮುಂದುವರಿಯಿರಿ.

ಕಾಪರ್‌ಬ್ಯಾಂಡ್ ಚಿಟ್ಟೆಮೀನಿನ ಉದ್ದ ಮೂತಿ ಸಂದಿನೊಳಗಿನ ಅನಿಮೋನನ್ನು ಎಳೆದು ತಿನ್ನಲೆಂದೇ ಆದಂತಿದೆ. ಆದರೂ ಹೆಚ್ಚಿನವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಇಪ್ಪತ್ತು ಸೆಂಟಿಮೀಟರ್‌ವರೆಗೆ ಬೆಳೆಯುವ ಈ ಮೀನಿಗೆ ನಾನೂರೈವತ್ತು ಲೀಟರಿಗೂ ಮೇಲ್ಪಟ್ಟ, ಚೆನ್ನಾಗಿ ಮಾಗಿದ ತೊಟ್ಟಿ ಬೇಕು. ಮಾರಾಟಕ್ಕೆ ಬರುವವು ಬಹುತೇಕ ಕಡಲಿನಿಂದ ಹಿಡಿದವು, ಹೊಸ ಜಾಗದಲ್ಲಿ ಆಹಾರ ಮುಟ್ಟದೆ ಸಾಯುವುದು ಸಾಮಾನ್ಯ. ಕೊಳವೆ ಹುಳುಗಳನ್ನು ತಿಂದು ಮುಗಿಸುತ್ತದೆ, ಕಪ್ಪೆಚಿಪ್ಪನ್ನು ಕುಕ್ಕಬಹುದು, ಎಪ್ಟೇಸಿಯಾ ತಿನ್ನುವ ಖಾತರಿಯಿಲ್ಲ. ಈ ಮೀನನ್ನು ಮೀನಿಗಾಗಿಯೇ ಸಾಕಲು ಸಿದ್ಧರಿರುವವರು ಮಾತ್ರ ತರಬೇಕು. ಒಂದು ಕಳೆ ಕೀಳಲು ಒಂದು ಜೀವವನ್ನು ತಂದು, ಕಳೆ ಮುಗಿದ ಮೇಲೆ ಅದರ ಹೊಟ್ಟೆಯ ಯೋಚನೆ ಬಿಡುವುದು ಸರಿಯಲ್ಲ.

ಯಾರಿಗೆ ಯಾವುದು

ನೂರು ಲೀಟರಿಗಿಂತ ಚಿಕ್ಕ ತೊಟ್ಟಿಯಲ್ಲಿ ನಾಲ್ಕೈದು ಎಪ್ಟೇಸಿಯಾ ಕಂಡವರು ಬೇರೇನನ್ನೂ ಕೊಳ್ಳದೆ, ಈ ವಾರವೇ ಸಿರಿಂಜ್ ಹಿಡಿಯಲಿ. ತಡಮಾಡಿದಷ್ಟೂ ಅಗ್ಗದ ದಾರಿ ಮುಚ್ಚುತ್ತ ಹೋಗುತ್ತದೆ. ಕೈ ನಡುಗುವವರು, ಸುಣ್ಣದ ಕ್ಷಾರಕ್ಕೆ ಅಂಜುವವರು ಸಿದ್ಧ ದ್ರಾವಣ ತರಲಿ. ಹತ್ತಾರಿದ್ದು, ರಾಸ್ ಇಲ್ಲದೆ, ಹಣ ಮಿತವಾಗಿದ್ದರೆ ಪೆಪ್ಪರ್‌ಮಿಂಟ್ ಸಿಗಡಿ ಮತ್ತು ಸಿರಿಂಜಿನ ಜೋಡಿ. ಎಲ್ಲೆಡೆ ಹರಡಿದ್ದು, ಬರ್ಗಿಯಾ ತಿನ್ನುವ ಸಹವಾಸಿಗಳಿಲ್ಲದೆ, ಮೂರ್ನಾಲ್ಕು ತಿಂಗಳು ಕಾಯಬಲ್ಲವರಿಗೆ ಬರ್ಗಿಯಾ. ಹರಡಿದ್ದು ರಾಸ್‌ಗಳೂ ಇದ್ದರೆ ಫೈಲ್‌ಫಿಶ್, ಅದೂ ಮೃದುವಾದ ಬೆಲೆಬಾಳುವ ಹವಳಗಳು ಕಡಿಮೆಯಿದ್ದಾಗ. ಯಾವ ದಾರಿ ಹಿಡಿದರೂ ಮೀನಿಗೆ ಹಾಕುವ ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಇರಲಿ. ತೇಲುವ ಎಂಜಲು ಎಪ್ಟೇಸಿಯಾಗೆ ಹಬ್ಬ. ಆದರೆ ಆಹಾರ ತಗ್ಗಿಸುವುದೊಂದರಿಂದಲೇ ಅದು ಸಾಯುವುದಿಲ್ಲ, ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೇ.

ನಿಮ್ಮಲ್ಲಿರುವುದು ಎಪ್ಟೇಸಿಯಾವೇ ಎಂಬುದನ್ನು ಖಚಿತ ಮಾಡಿಕೊಳ್ಳುವುದೂ ಮುಖ್ಯ. ಗಿಡ್ಡನೆಯ, ತುದಿ ಉಬ್ಬಿದ, ಹಸಿರು ಛಾಯೆಯ ಎಳೆಗಳಿದ್ದರೆ ಅದು ಮಜಾನೊ ಎಂಬ ಬೇರೊಂದು ಅನಿಮೋನ್. ಬರ್ಗಿಯಾ ಅದನ್ನು ತಿನ್ನುವುದಿಲ್ಲ, ಸಿರಿಂಜೇ ಗತಿ. ಬಂಡೆಯಲ್ಲಿ ಹರಿದಾಡುವ ಬಿರುಗೂದಲ ಹುಳುಗಳು ಬಹುಮಟ್ಟಿಗೆ ಕೊಳೆ ತಿನ್ನುವ ಉಪಕಾರಿಗಳು, ಅವುಗಳ ಮೇಲೆ ಯುದ್ಧ ಹೂಡುವ ಅಗತ್ಯವಿಲ್ಲ. ನೂಲಿನಂತಹ ಲೋಳೆ ಬಿಡುವ ವರ್ಮೆಟಿಡ್ ಬಸವನಹುಳುಗಳ ಕೊಳವೆಯ ಬಾಯಿಗೆ ಅಂಟು ಹಾಕಿ ಮುಚ್ಚುವುದು ಸರಳ. ಕೆಂಪು ಚಪ್ಪಟೆ ಹುಳುಗಳನ್ನು ಔಷಧಿಗೆ ಮುಂಚೆ ಸಾಧ್ಯವಾದಷ್ಟು ಹೀರಿ ತೆಗೆಯಬೇಕು. ಒಮ್ಮೆಗೇ ಸತ್ತರೆ ಅವು ಬಿಡುವ ವಿಷ ಮೀನುಗಳನ್ನು ಕೊಲ್ಲಬಲ್ಲದು, ಆದ್ದರಿಂದ ಸಕ್ರಿಯ ಇದ್ದಿಲು ಮತ್ತು ಬದಲಿ ನೀರು ಸಿದ್ಧವಿರಲಿ. ಅವುಗಳಿಗಾಗಿ ರಾಸ್ ತರುವ ಯೋಚನೆಯಿದ್ದರೆ, ಮುಂದೆ ಬರ್ಗಿಯಾದ ಬಾಗಿಲು ಮುಚ್ಚುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಂದೆ ತರುವ ಪ್ರತಿಯೊಂದು ಹವಳವನ್ನೂ ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇರಿಸಿ, ಪ್ಲಗ್ಗಿನ ಅಡಿಭಾಗವನ್ನು ಭೂತಗನ್ನಡಿಯಿಂದ ನೋಡಿ. ಹವಳವನ್ನು ಅದ್ದುವ ದ್ರಾವಣಗಳು ಚಪ್ಪಟೆ ಹುಳುಗಳಂತಹವನ್ನು ಉದುರಿಸುತ್ತವೆ, ಅವುಗಳ ಮೊಟ್ಟೆಗಳನ್ನಾಗಲಿ ಎಪ್ಟೇಸಿಯಾವನ್ನಾಗಲಿ ಖಚಿತವಾಗಿ ಕೊಲ್ಲುವುದಿಲ್ಲ. ಸಾಧ್ಯವಿದ್ದರೆ ಪ್ಲಗ್ಗನ್ನೇ ಬದಲಿಸಿ. ಪ್ರದರ್ಶನದ ತೊಟ್ಟಿಯಲ್ಲಿ ಒಂದೂ ಕಾಣದಾದ ಮೇಲೆ ಓವರ್‌ಫ್ಲೋ, ಸಂಪು, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಹೊರಮೈ, ಪೈಪಿನ ಬಾಯಿಗಳನ್ನು ಟಾರ್ಚಿನಿಂದ ಪರೀಕ್ಷಿಸಿ. ಬೇಟೆಗಾರ ಜೀವಿಗಳು ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಉಳಿದವು ಬಹುಪಾಲು ಅಲ್ಲೇ ಇರುತ್ತವೆ. ಆ ಭಾಗಗಳನ್ನು ಬಿಚ್ಚಿ ತೊಳೆಯಲು ಆಗುತ್ತದೆ, ಅಲ್ಲಿ ಸುಣ್ಣದ ಗಂಜಿಯಿಂದ ಸುಡುವಂತಹ ಹವಳವೂ ಇರುವುದಿಲ್ಲ.